ಒಪ್ಪಿಗೆಯ ಗುರುತು

"ಹತ್ತು ವರ್ಷ ಜೈಲಿನ ರೊಟ್ಟಿ ತಿಂದದ್ದು ಸಾಲಲಿಲ್ಲೇನು?" ಕೋರ್ಟಿನ ಮುಂದಿನ ಬೇವಿನ ಕಟ್ಟೆಯಲ್ಲಿ ಕೂತವನು ಯಾರನ್ನೂ ನೋಡದೆ ಕೇಳಿದ.

ಅರ್ಜಿ ಬರೆಯುವ ಮುದುಕ ಕನ್ನಡಕ ಏರಿಸಿದ. "ಸಾಕು ಅಂತನೇ ಹೊಸ ಕಾಯ್ದೆ ತಂದಾರಪ್ಪ. ಪೆಟ್ಟು ತಿಂದವರು ಒಪ್ಪಿದರ ಪೊಲೀಸರ ಪುಸ್ತಕದಾಗ ನಿನ್ನ ಹೆಸರು ಅಳಿಸ್ತಾರ. ಆಮ್ಯಾಲ ದಾಲ್ ಮಿಲ್ಲಿನವರು ನಿನಗ ಕೆಲಸ ಇಲ್ಲ ಅನ್ನೂದಿಲ್ಲ."

ಪೆಟ್ಟು ತಿಂದವಳು ಎದುರಿಗೇ ಕೂತಿದ್ದಳು. ಅವಳ ಬಲಗೈ ಸೆರಗಿನೊಳಗಿತ್ತು.

"ಈಕಿಗೆ ಏನು ಮಾಡಿದ್ದಿ?"

"ಈಕಿ ಗಂಡನ ಬೆನ್ನಿಗೆ ಮಚ್ಚು ಹಾಕಿದ್ದೆ. ಈಕಿ ಠಾಣೆಗೆ ಹೋಗಿ ದೂರು ಕೊಟ್ಟಳು. ಜಾಮೀನು ಸಿಕ್ಕ ದಿನ ಇವರ ಮನಿಗೆ ನುಗ್ಗಿ..." ಅವನು ಹಾಳೆಯನ್ನು ಮುದುಕನತ್ತ ಸರಿಸಿದ. "ಎಲ್ಲಾ ಯಾಕ ಕೆದಕ್ತೀರಿ ಯಜಮಾನ್ರ? ಬರೀರಿ."

ಮುದುಕ ಬರೆದು, ಓದಿ ಹೇಳಿ, ಮಸಿಯ ಡಬ್ಬಿಯನ್ನು ಅವಳತ್ತ ದೂಡಿದ. "ಸಹಿ ಬರೂದಿಲ್ಲಲ್ಲವ್ವ? ಹೆಣ್ಮಕ್ಕಳದು ಬಲಗೈ ಹೆಬ್ಬೆಟ್ಟು. ಒತ್ತು."

ಅವಳು ಸೆರಗು ಸರಿಸಿದಳು. ಬಲಗೈಯಲ್ಲಿ ನಾಲ್ಕೇ ಬೆರಳಿದ್ದವು.

"ದೂರಿಗೆ ಒತ್ತಿದ ಬೆರಳು ಯಾವುದು ಅಂತ ಕೇಳಿದ. ತೋರಿಸಿದೆ. ಹೊಸ್ತಿಲ ಮ್ಯಾಲ ಇಡಿಸಿ ಕಡಿದ."

ಮುದುಕ ಪೆನ್ನು ಕೆಳಗಿಟ್ಟ. ಕಡಿದವನು ಕಟ್ಟೆಯಿಂದ ಇಳಿದು ಅವಳ ಕಾಲು ಹಿಡಿದ.

"ತಪ್ಪಾತಕ್ಕಾ. ಎಡಗೈದಾದರೂ ನಡೀತದ. ಅದನ್ನರ ಕೊಡು."

ಅವಳು ತನ್ನ ಎಡಗೈ ಹೆಬ್ಬೆಟ್ಟನ್ನು ಒಮ್ಮೆ ನೋಡಿಕೊಂಡು ಮುಷ್ಟಿ ಬಿಗಿದಳು.

"ಇದು ಕೊಡೂದಿಲ್ಲ."