ಎರಡು ಈಸ್ಟರ್

"ತಲೆಗೇನಾಯ್ತು ಗುರುಗಳೇ? ಕುರಿ ಮೇಯ್ದ ಹಾಗಿದೆಯಲ್ಲ!"

ಬಾಗಿಲಲ್ಲಿ ಬಗ್ಗಿ ಒಳಗೆ ಬಂದ ಪಾದ್ರಿ ದಿಮ್ಮಾನನ್ನು ನೋಡಿ ಮುದುಕ ಹಾದ್ದಾ ಮಲಗಿದ್ದಲ್ಲೇ ನಕ್ಕ. ನಗು ಕೆಮ್ಮಿಗೆ ತಿರುಗಿತು. ಹೆಂಡತಿ ಆಲ್ಗಿತ್ ಬಂದು ಎದೆ ನೀವಿದಳು. ದಿಮ್ಮಾ ಬೆಂಕಿಯ ಪಕ್ಕ ಕುಸಿದು ಕೂತು ಒದ್ದೆ ಕಾಲು ಚಾಚಿದ. ಎರಡು ದಿನ ಗುಡ್ಡ ಹತ್ತಿ ಇಳಿದು ಬಂದಿದ್ದ. ಐರ್ಲೆಂಡಿನ ಗುರುಗಳು ಕಲಿಸಿದಂತೆ ಅವನು ಜೀವಮಾನವಿಡೀ ಕಿವಿಯಿಂದ ಕಿವಿಯವರೆಗೆ ಮುಂದಲೆಯನ್ನಷ್ಟೇ ಬೋಳಿಸಿಕೊಂಡವನು. ಈಗ ಅಲ್ಲಿ ಬಿಳಿ ಕೂದಲು ಮುಳ್ಳುಮುಳ್ಳಾಗಿ ಎದ್ದಿತ್ತು. ನಡುನೆತ್ತಿ ದುಂಡಗೆ ಬೋಳಾಗಿತ್ತು.

"ಇದು ರೋಮಿನವರ ರೀತಿ. ಇನ್ಮೇಲೆ ಎಲ್ರಿಗೂ ಹೀಗೇ ಅಂತೆ, ರಾಜರ ಸಭೇಲಿ ತೀರ್ಮಾನ ಆಗಿದೆ."

"ಅವರಿಗೆ ಬೇರೆ ಕೆಲಸ ಇರಲಿಲ್ವಾ?"

ದಿಮ್ಮಾ ನಗಲಿಲ್ಲ. ತಲೆಯೊಂದೇ ಆಗಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ. ಹಬ್ಬದ ಲೆಕ್ಕವೂ ಬದಲಾಗಿತ್ತು. ವಸಂತದ ಹುಣ್ಣಿಮೆ ಭಾನುವಾರವೇ ಬಿದ್ದರೆ ಅವತ್ತೇ ಕ್ರಿಸ್ತ ಸತ್ತು ಎದ್ದ ಹಬ್ಬ, ಈಸ್ಟರ್ ಎಂದು ಈ ಜನರಿಗೆ ಬೆರಳು ಮಡಿಸಿ ಎಣಿಸಲು ಕಲಿಸಿದವನೇ ಅವನು. ಅದು ತಪ್ಪಂತೆ, ಮುಂದಿನ ಭಾನುವಾರದವರೆಗೆ ಕಾಯಬೇಕಂತೆ. ಈ ವರ್ಷದ ಹುಣ್ಣಿಮೆ ನಾಳೆಯ ಭಾನುವಾರವೇ ಬಿದ್ದಿತ್ತು. ಒಪ್ಪದ ಜೊತೆಗಾರರೆಲ್ಲ ದೋಣಿ ಹತ್ತಿ ತಮ್ಮ ಮಠವಿದ್ದ ದ್ವೀಪಕ್ಕೆ ಹೋಗಿಬಿಟ್ಟರು. ದಿಮ್ಮಾ ಹೋಗಲಿಲ್ಲ. ತಾನು ದೀಕ್ಷಾಸ್ನಾನ ಕೊಟ್ಟ ಮುದುಕರನ್ನು ಮಣ್ಣು ಮಾಡಲು ಇಲ್ಲಿ ಬೇರೆ ಯಾರೂ ಇರಲಿಲ್ಲ. ಬೆಳಿಗ್ಗೆ ಬಯಲಿನ ಮರದ ಶಿಲುಬೆಯ ಹತ್ತಿರ ಊರವರನ್ನು ಸೇರಿಸಿ ವಿಷಯ ಹೇಳಿದ್ದ. "ನಲವತ್ತು ದಿನ ಉಪವಾಸ ಮಾಡಿದ್ದು ಸಾಲ್ದಾ? ಇನ್ನೂ ಎಂಟು ದಿನ ಗಂಜೀನಾ?" ಎಂದು ಒಬ್ಬ ಕಾಲ ಬಳಿ ಉಗುಳಿ ಹೋಗಿದ್ದ.

ಹಾದ್ದಾನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಆಲ್ಗಿತ್ ಅವನನ್ನು ಹೊರಗೆ ಕರೆದಳು. ಬಾಗಿಲೆಳೆದುಕೊಂಡು ಮೆಲ್ಲಗೆ ಅಂದಳು:

"ಬೆಳಿಗ್ಗೆ ಅಲ್ಲಿ ಹೇಳಿದ್ದನ್ನ ಇವರಿಗೆ ಹೇಳ್ಬೇಡಿ. ಹತ್ತು ದಿನ ಆಯ್ತು, ಒಂದೆರಡು ಗುಟುಕು ಗಂಜಿ ಬಿಟ್ರೆ ಏನೂ ಇಲ್ಲ. ಸಾರು ಬಾಯಿಗೆ ಹಿಡಿದ್ರೆ ಹಲ್ಲು ಕಚ್ಕೋತಾರೆ. ಹಬ್ಬದ ದಿನಾನೇ ಉಣ್ಣೋದಂತೆ."

"ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ಹೇಳಿದ್ದೆನಲ್ಲ ತಾಯಿ."

"ನಾನೂ ಬಡ್ಕೊಂಡೆ. 'ಐವತ್ತು ವರ್ಷ ನಮ್ಮ ಹಳೇ ದೇವರು ವೋಡನ್ ಹೆಸರಲ್ಲಿ ಕುದುರೆ ಕಡಿದು ತಿಂದೋನು ನಾನು, ಈ ದೇವರಿಗೋಸ್ಕರ ನಲವತ್ತು ದಿನ ತಡಕೊಳ್ಳಕ್ಕಾಗಲ್ವಾ' ಅಂತಾರೆ. ನಾಳೆಗೆ ಅಂತ ಮರಿ ಕಡಿದಾಗಿದೆ. ಇವರು ಇನ್ನೆಂಟು ದಿನ ಇರಲ್ಲ ಗುರುಗಳೇ. ನೀವೇ ನೋಡಿದ್ರಲ್ಲ."

ದಿಮ್ಮಾ ನೋಡಿದ್ದ. ಮೂಗು ಚೂಪಾಗಿತ್ತು, ಉಗುರು ನೀಲಿಗಟ್ಟಿತ್ತು. ಒಂದು ಮನೆಯೂ ಬಿಡದಂತೆ ಹೊಸ ದಿನ ತಿಳಿಸಿ ಬರಬೇಕೆಂದು ಬಿಷಪ್ಪರ ಅಪ್ಪಣೆ. ಸರಿ ಯಾವುದು, ತಪ್ಪು ಯಾವುದು ಎಂದು ವಾದ ಮಾಡುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬೇರೆ ಯಾರಾದರೂ ಬಂದು ಇದನ್ನು ತೀರ್ಮಾನಿಸಿದರೆ ಸಾಕು, ತಾನು ಆ ಬೆಂಕಿಯ ಪಕ್ಕ ಹೋಗಿ ಮಲಗಿಬಿಡಬಹುದು ಅನ್ನಿಸಿತು. ಯಾರೂ ಬರಲಿಲ್ಲ.

ಒಳಗೆ ಹೋದಾಗ ಹಾದ್ದಾ ಕಣ್ಣು ಬಿಟ್ಟುಕೊಂಡೇ ಇದ್ದ.

"ನಾಳೆ ತಾನೇ ಹಬ್ಬ?"

"ನಾಳೇನೇ."

"ಸರಿಯಾಗಿ ಎಣಿಸಿದೀರಾ? ನಿಮಗೂ ವಯಸ್ಸಾಯ್ತು."

"ಎಣಿಸಿದೀನಿ, ಹಾದ್ದಾ."

ಮರುದಿನ ಬೆಳಿಗ್ಗೆ ಬಾಗಿಲು ಮುಚ್ಚಿ, ನೆರೆಯವರಿಗೆ ಕೇಳಿಸದ ಹಾಗೆ ದಿಮ್ಮಾ ಈಸ್ಟರ್ ಪೂಜೆ ಮಾಡಿದ. "ಕ್ರಿಸ್ತ ಎದ್ದಿದ್ದಾನೆ" ಎಂದು ಅವನು ಉಸಿರಿನಲ್ಲೇ ಹೇಳಿದಾಗ ಹಾದ್ದಾ ತಲೆ ಎತ್ತಿದ. "ಯಾಕೆ ಪಿಸುಗುಡ್ತೀರಿ? ಎದ್ದಿದ್ದು ತಾನೇ, ಕದ್ದಿದ್ದಲ್ಲವಲ್ಲ!" ಆಮೇಲೆ ಪ್ರಸಾದ ತಗೊಂಡ. ಮೂರು ಚಮಚ ಸಾರು ಕುಡಿದ. ಎಳೆ ಮೂಳೆಯೊಂದನ್ನು ಬಹಳ ಹೊತ್ತು ಚೀಪಿ, ಗಡ್ಡ ಒರೆಸಿಕೊಂಡು, "ಉಪ್ಪು ಕಮ್ಮಿ ಕಣೇ" ಅಂದ. ಬುಧವಾರ ಮಧ್ಯಾಹ್ನ ತೀರಿಕೊಂಡ. ದಿಮ್ಮಾನೇ ಮುಂದೆ ನಿಂತು ಮಣ್ಣು ಮಾಡಿದ.

ಭಾನುವಾರ ಊರಿಗೆ ಊರೇ ಶಿಲುಬೆಯ ಸುತ್ತ ಸೇರಿತ್ತು. ಕಾದು ಕಾದು ಹಸಿದಿದ್ದ ಜನ ಗಂಟಲು ಬಿಚ್ಚಿ ಹಾಡಿದರು. ಅದೇ ಪ್ರಾರ್ಥನೆಯನ್ನು ದಿಮ್ಮಾ ಎರಡನೇ ಸಲ, ಈ ಬಾರಿ ಗಟ್ಟಿಯಾಗಿ, ಹೇಳಿದ. ಬಾಯಿ ತನ್ನಷ್ಟಕ್ಕೆ ಹೇಳುತ್ತ ಹೋಯಿತು. ಪೂಜೆ ಮುಗಿದದ್ದೇ ತಡ, ಎಲ್ಲರೂ ಮಾಂಸದ ವಾಸನೆ ಹಿಡಿದು ಮನೆಗಳತ್ತ ಓಡಿದರು.

ಆಲ್ಗಿತ್ ಮಾತ್ರ ಹೋಗಲಿಲ್ಲ. ರೊಟ್ಟಿಯಲ್ಲಿ ಸುತ್ತಿ ತಂದಿದ್ದ ಮಾಂಸದ ತುಂಡನ್ನು ದಿಮ್ಮಾನ ಕೈಗಿಟ್ಟು, ಅವನು ತಿನ್ನುವವರೆಗೆ ಎದುರಿಗೇ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮ ಒಡೆಯ ಎಂಟು ದಿನದಲ್ಲಿ ಎರಡು ಸಲ ಎದ್ದ, ಗುರುಗಳೇ. ನಮ್ಮವರು ಒಂದ್ಸಲ ಎದ್ದಿದ್ರೆ ಸಾಕಿತ್ತು."