ಸಂಸದರ ರಾಜಿ

ಮಕ್ಕಳ ಕಳ್ಳರು ಬಂದಿದ್ದಾರೆಂದು ಊರಲ್ಲಿ ಗುಲ್ಲೆದ್ದಿತ್ತು. ಪಾತ್ರೆ ಮಾರಲು ಬಂದಿದ್ದ ಅಣ್ಣತಮ್ಮಂದಿರ ಆಟೊ ಬೀದಿಯಲ್ಲಿ ಧಗಧಗ ಉರಿಯುತ್ತಿತ್ತು. ಅಣ್ಣನ ಹಣೆ ಒಡೆದಿತ್ತು, ತಮ್ಮನ ಬಲಗೈ ಮುರಿದು ಜೋತಾಡುತ್ತಿತ್ತು. ಬೆನ್ನಟ್ಟಿದ್ದ ಗುಂಪಿನಿಂದ ತಪ್ಪಿಸಿಕೊಂಡು, ತೆರೆದಿದ್ದ ಮೊದಲ ಗೇಟಿಗೆ ಇಬ್ಬರೂ ನುಗ್ಗಿದರು. ಅದು ಸಂಸದರ ಮನೆ.

ಸಂಸದರು ಗೇಟು, ಬಾಗಿಲು ಎರಡನ್ನೂ ಹಾಕಿಸಿ, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದಲೇ ಅಣ್ಣನ ಹಣೆ ಕಟ್ಟಿದರು.

“ಹೆದರ್ಬೇಡ್ರಪ್ಪ. ಸರ್ಕಾರಿ ವಕೀಲನಾಗಿದ್ದಾಗ ಇಂಥವರನ್ನ ಎಷ್ಟು ಜನಾನ ಜೈಲಿಗೆ ಕಳಿಸಿಲ್ಲ ನಾನು.”

ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಈ ಮನುಷ್ಯನ ಹೆಸರು ಅವನೂ ಕೇಳಿದ್ದ. ಕೋರ್ಟಿನಲ್ಲಿ ಹುಲಿಯಾಗಿದ್ದವರು ಪಾರ್ಲಿಮೆಂಟಿಗೆ ಹೋದಮೇಲೆ ಹಸುವಾಗಿದ್ದರು. ಪಕ್ಷಗಳು ಕಿತ್ತಾಡಿದಾಗಲೆಲ್ಲ ನಡುವೆ ಕೂತು, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಬಗ್ಗಿಸಿ ರಾಜಿ ಮಾಡಿಸುತ್ತಾರೆಂದು ಪೇಪರಿನವರೂ ಹೊಗಳುತ್ತಿದ್ದರು.

ಕಿಟಕಿಯ ಗಾಜು ಸಿಡಿಯಿತು. ಯಾರೋ ಮಚ್ಚಿನಿಂದ ಗೇಟು ಕುಟ್ಟತೊಡಗಿದರು.

“ಪೊಲೀಸ್ರಿಗೆ ಫೋನ್ ಮಾಡಿ ಸಾಹೇಬ್ರೆ,” ಎಂದು ತಮ್ಮ ನರಳಿದ.

“ಅವರು ಬರೋಷ್ಟರಲ್ಲಿ ಇವರು ಬಾಗಿಲು ಮುರೀತಾರೆ. ನಾನೇ ಮಾತಾಡ್ತೀನಿ ಇರಿ.”

ಹೊರಗೆ ಸಂಸದರ ಕೋರ್ಟಿನ ದನಿ ಮೊಳಗಿತು. ಕೂಗಾಟ ತಗ್ಗಿತು. ಆಮೇಲೆ ಮಚ್ಚಿನ ಸದ್ದೂ ನಿಂತಿತು. ಅಣ್ಣ ತಮ್ಮನ ತಲೆಯನ್ನು ಎದೆಗೊತ್ತಿಕೊಂಡು, “ಬದುಕಿದ್ವಿ ಕಣೋ,” ಎಂದ.

ಸಂಸದರು ಬೆವರೊರೆಸಿಕೊಳ್ಳುತ್ತ ಬಂದು ಬಾಗಿಲನ್ನು ತೆರೆದು ಹಿಡಿದರು.

“ಇಬ್ಬರೂ ಬೇಕು ಅಂತ ಹಟ ಹಿಡಿದಿದ್ರು, ಕಷ್ಟಪಟ್ಟು ಒಬ್ಬನೇ ಸಾಕು ಅಂತ ಒಪ್ಪಿಸಿದೀನಿ. ಯಾರು ಹೋಗ್ತೀರೋ ನೀವೇ ಮಾತಾಡ್ಕೊಳ್ಳಿ.”