ಆರು ನಿಮಿಷದ ಈಜು

ಇಲಿ ನೀರಿಗೆ ಬಿತ್ತು. ಡಾಕ್ಟರ್ ಅಕೋಸು ಗಡಿಯಾರದ ಗುಂಡಿ ಒತ್ತಿದ.

ಎತ್ತರದ ಗಾಜಿನ ಪಾತ್ರೆ. ಹತ್ತಲು ಹೋದರೆ ಗೋಡೆ ಜಾರುತ್ತದೆ, ನಿಲ್ಲಲು ಹೋದರೆ ತಳ ಸಿಗುವುದಿಲ್ಲ. ಬರೀ ನೀರು ಕುಡಿಸಿದ ಇಲಿಗಳು ಎರಡು ನಿಮಿಷ ಕಾಲು ಬಡಿದು, ಆಮೇಲೆ ಮೂಗಷ್ಟೇ ಮೇಲಿಟ್ಟು ತೇಲಿದ್ದವು. ಸೊಪ್ಪಿನ ರಸ ಕುಡಿದ ಈ ಇಲಿ ತೇಲಲಿಲ್ಲ. ಆರು ನಿಮಿಷವೂ ಈಜಿತು. ತೆಗೆದು ಒರೆಸಿದರೆ ಬಟ್ಟೆಯೊಳಗೂ ಒದೆಯುತ್ತಿತ್ತು.

"ಇಪ್ಪತ್ತಕ್ಕೆ ಇಪ್ಪತ್ತೂ ಹಿಂಗೇ ಸಾರ್," ಎಂದಳು ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಎರ್ದೂ. "ಆದ್ರೆ ಇವು ಪಂಜರದಲ್ಲೂ ನಿದ್ದೆ ಮಾಡ್ತಿಲ್ಲ. ನೆಲದ ಮೇಲೂ ಒಂದ್ಸಲ ಬಿಟ್ಟು, ಅಲ್ಲೂ ಹಿಂಗೇ ಒದ್ದಾಡ್ತಾವಾ ಅಂತ ನೋಡೋಣ್ವಾ?"

"ಖುಷಿಯಾಗಿರೋರು ಯಾರಾದ್ರೂ ನಿದ್ದೆ ಮಾಡ್ತಾರೇನಮ್ಮಾ? ಬರ್ಕೋ ಸುಮ್ನೆ."

ಅಕೋಸುವಿಗೆ ಪ್ರೊಫೆಸರ್ ಹುದ್ದೆ ಎರಡು ಸಲ ಕೈತಪ್ಪಿತ್ತು. ಇದು ಕೊನೆಯ ಅವಕಾಶ. ದುಃಖ ಕಳೆಯುವ ಹೊಸ ಮದ್ದು ಕೈಯಲ್ಲಿದ್ದರೆ ಈ ಸಲ ತಡೆಯುವವರಿಲ್ಲ.

ಸೊಪ್ಪು ತರಲು ಹೋದ ದಿನ ಅವನು ಕಾರಿನಿಂದ ಇಳಿದಿರಲಿಲ್ಲ. ಗಾಜು ಇಳಿಸಿ, ದುಃಖಕ್ಕೆ ಮದ್ದು ಬೇಕು ಎಂದಿದ್ದ. ಅಂಗಳದಲ್ಲಿ ಮುದುಕಿ ಕಶಿಮನಾ ಜೋಳ ಕೇರುತ್ತಿದ್ದಳು. ಬೆನ್ಯೂ ನದಿಯ ಈಚೆ ದಂಡೆಯಲ್ಲಿ ಮನಸ್ಸು ಕುಸಿದವರಿಗೆಲ್ಲ ಅವಳೇ ದಿಕ್ಕು.

"ರೋಗಿ ಎಲ್ಲಪ್ಪಾ? ಎದುರಿಗೆ ಕೂರಿಸ್ಕೊಂಡು ಮಾತಾಡ್ಸದೆ ನಾನು ಮದ್ದು ಕೊಡಲ್ಲ."

"ರೋಗಿ ಗೀಗಿ ಇಲ್ಲಜ್ಜಿ. ಇಲಿಗೆ ಕೊಡೋದು."

"ಇಲಿಗಾ! ಇಲಿ ದುಃಖ ಹೋಯ್ತು ಅಂತ ಹೆಂಗಪ್ಪಾ ಗೊತ್ತಾಗುತ್ತೆ?"

"ನೀರಿಗೆ ಹಾಕ್ತೀವಿ. ಸುಮ್ನಾದ್ರೆ ದುಃಖ, ಒದ್ದಾಡ್ತಾನೇ ಇದ್ರೆ ವಾಸಿ. ಅದೆಲ್ಲ ನಿನ್ನ ತಲೆಗೆ ಹತ್ತಲ್ಲ ಬಿಡು. ನಂಗೆ ಇಲಿ ಸುಮ್ನಾಗಬಾರ್ದು, ಅಷ್ಟೇ. ಬೇಗ ತಾ, ಬಿಸಿಲು."

ಮುದುಕಿ ಕಾರನ್ನು ನೋಡಿದಳು, ಅವನನ್ನು ನೋಡಿದಳು. ಮೊರ ಕೆಳಗಿಟ್ಟು ಎದ್ದು ಹೋಗಿ, ಒಂದು ಕಂತೆ ಒಣಸೊಪ್ಪು ತಂದು ಕಿಟಕಿಯೊಳಗೆ ತುರುಕಿದಳು.

"ತಗೋ ಮಗಾ. ನಿನ್ನ ಕೆಲ್ಸಕ್ಕೆ ಇದೇ ಸರಿ."

ಧನ್ಯವಾದ ಹೇಳುವಷ್ಟು ಹೊತ್ತು ಗಾಜು ಕೆಳಗಿರಲಿಲ್ಲ.

ಮುಂದಿನ ತಿಂಗಳು ಆಯ್ಕೆ ಸಮಿತಿ ಬಂತು. ಅಕೋಸು ಹೊಸ ಸೂಟು ತೊಟ್ಟು ಇಲಿಗಳನ್ನು ಈಜಿಸಿ ತೋರಿಸಿದ. "ನಮ್ಮ ತಿವ್ ಜನ ತಲೆತಲಾಂತರದಿಂದ ದುಃಖಕ್ಕೆ ಬಳಸುತ್ತ ಬಂದ ಸೊಪ್ಪು ಇದು," ಎಂದು ಪ್ರಬಂಧದ ಮೊದಲ ಸಾಲನ್ನು ಓದಿದ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಕಶಿಮನಾಳನ್ನು ಕರೆಸಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದ. ಬಾಯಿ ತೆರೆಯಬೇಡ ಎಂದೂ ಹೇಳಿದ್ದ.

ಚಪ್ಪಾಳೆಯಾಯಿತು. ಅಧ್ಯಕ್ಷೆ ಪೆನ್ನು ತೆಗೆದಳು. ಸಹಿಗೆ ಮುಂಚೆ, ಬರೀ ಮರ್ಯಾದೆಗೆಂದು, ಬಾಗಿಲ ಕಡೆ ತಿರುಗಿದಳು.

"ಅಮ್ಮಾ, ಈ ಸೊಪ್ಪನ್ನ ಇಲ್ಲೀವರೆಗೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?"

ಅಕೋಸು ನಕ್ಕು ಉತ್ತರಿಸಲು ಬಾಯಿ ತೆರೆದ. ಮುದುಕಿಯೇ ಮೊದಲು ಮಾತಾಡಿದಳು.

"ಜನಕ್ಕಾ? ಇದನ್ನ ಯಾರಾದ್ರೂ ಜನಕ್ಕೆ ಕೊಡ್ತಾರೇನವ್ವಾ? ಕಣಜಕ್ಕೆ ಹಾಕ್ತೀವಿ, ಇದರ ಉರಿ ತಗಲಿದ್ರೆ ಇಲಿ ಒಂದು ಗಳಿಗೆ ಸುಮ್ನಿರಲ್ಲ, ಊರೇ ಬಿಟ್ಟು ಓಡುತ್ತೆ."